ಮೊಟ್ಟೆಗೋ, ಮಾಂಸಕ್ಕೋ

ಸೋಮವಾರ ಬೆಳಿಗ್ಗೆ ಗೂಡಿಗೆ ಕೈ ಹಾಕಿದರೆ
ಬೆರಳಿಗೆ ಸಿಕ್ಕಿದ್ದು ಮೊಟ್ಟೆಯಲ್ಲ,
ಮೊಟ್ಟೆಯ ಲೈನಿಂಗ್ ಮಾತ್ರ.
ಚಿಪ್ಪಿಲ್ಲ. ಬೆಚ್ಚಗೆ, ಮೆತ್ತಗೆ,
ಎಲ್ಲಿ ಒಡೆಯಲಿ ಎಂದು ಕೇಳುವ ಹಾಗೆ
ಅಂಗೈಯಲ್ಲಿ ಹೊರಳುತ್ತಿತ್ತು.

ನಾನು ಹೊಲಿಗೆಯವಳು.
ಬರೀ ಲೈನಿಂಗ್ ಹೊಲಿದು ಕೊಟ್ಟರೆ
ಯಾವ ಗಿರಾಕಿ ಸುಮ್ಮನಿರುತ್ತಾಳೆ?

ಬೇಲಿಯಾಚೆಯಿಂದ ಮುತ್ತಕ್ಕ ನಕ್ಕಳು:
ಕೋಳಿಗೂ ಚೀಟಿ ಬರೆದುಕೊಂಡು ಅಂಗಡಿಗೆ ಹೋಗುವ ಕಾಲ ಬಂತಲ್ಲ!
ನುಚ್ಚು ಚೆಲ್ಲು, ಗೆದ್ದಲಿನ ಹುತ್ತ ಕೆದಕಿ ಬಿಡು,
ಉಳಿದದ್ದು ಅದರ ಹಣೆಬರಹ.
ನಿಜವೇ. ಆದರೆ ಅವಳ ನಾಟಿಕೋಳಿ
ಹತ್ತು ಇಟ್ಟು, ಕಾವಿಗೆ ಕೂತು,
ಮೂರು ತಿಂಗಳು ರಜ ಹಾಕುತ್ತದೆ.
ನನ್ನವು ಗಿರಿರಾಜ. ದಿನ ಬಿಟ್ಟು ದಿನ ಡ್ಯೂಟಿ.
ಬರೀ ನುಚ್ಚು ತಿಂದು
ಗೋಡೆಗೆ ಸುಣ್ಣ ಎಲ್ಲಿಂದ ತಂದಾವು?
ತಮ್ಮ ಎಲುಬಿನಿಂದಲೇ ಕೆರೆದು ತರುತ್ತವಂತೆ,
ಪಶು ಆಸ್ಪತ್ರೆಯ ಪೂವಮ್ಮ ಹೇಳಿದ್ದು.
ಆ ರಾತ್ರಿ ನನ್ನ ಮಂಡಿ ಸ್ವಲ್ಪ ಹೆಚ್ಚೇ ನೋಯಿತು.

ಶನಿವಾರಸಂತೆಯಲ್ಲಿ ಶನಿವಾರಕ್ಕೆ ಕಾಯಬೇಕು.
ಬಸ್‌ಸ್ಟ್ಯಾಂಡ್ ಹಿಂದೆ ಮೊಯ್ದುವಿನ ಅಂಗಡಿ,
ಕುತ್ತಿಗೆ ಮಡಚಿಕೊಂಡು ಕೂತ ನಾಲ್ಕು ಚೀಲ.
ಒಂದಕ್ಕೆ ಒಣಮೀನಿನ ವಾಸನೆ,
ಒಂದಕ್ಕೆ ಕಡಲೆಹಿಂಡಿಯದು,
ಒಂದಕ್ಕೆ ಮುಗ್ಗಿದ ಜೋಳ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಯಿತು, ಬಿಟ್ಟೆ.
ನಾಲ್ಕನೆಯದಕ್ಕೆ ವಾಸನೆಯೇ ಇಲ್ಲ.
ಅದನ್ನು ಇನ್ನೂ ನಂಬಲಿಲ್ಲ.

ತಲೆಯೆತ್ತದೆ ಕೇಳಿದ:
ಮೊಟ್ಟೆಗೋ, ಮಾಂಸಕ್ಕೋ?

ಏಳು ಕೋಳಿ, ಅಂದೆ.
ಮೂರು ಇಡುತ್ತವೆ.
ಮೂರು ದೀಪಾವಳಿಯ ಮರಿ, ಇನ್ನೂ ಲಂಗದಾವಣಿ.
ಒಂದು ಬಿಳಿಕೊರಳಿ, ಮುದುಕಿ,
ಹುತ್ತರಿಯಿಂದ ಈಚೆಗೆ ಬರಿಗೂಡು.
(ಭಾನುವಾರ ಸುಂಟಿಕೊಪ್ಪದಿಂದ ಭಾವ ಬರುತ್ತಾರೆ,
ಕೊತ್ತಂಬರಿ ಹುರಿದಿಟ್ಟಾಗಿದೆ ಎಂದು ಹೇಳಲಿಲ್ಲ.)

ಹಾಗಾದರೆ ಲೇಯರ್ ಚೀಲ ಬೇಡ, ಅಂದ ಮೊಯ್ದು.
ಇಡುವವಳಿಗೆ ಬೇಕಾದ ಸುಣ್ಣ
ಇಡದ ಮರಿಯ ಕಿಡ್ನಿಗೆ ಕಲ್ಲು.
ಏಳು ಮೈಗೆ ಒಂದೇ ಅಳತೆಯ ರವಿಕೆ ಹೊಲಿಯುತ್ತೀರಾ ನೀವು?
ಗ್ರೋವರ್ ಒಯ್ಯಿರಿ, ಎಲ್ಲರಿಗೂ ಆಗುತ್ತದೆ.
ಚಿಪ್ಪು ಬೇರೆ ಇಡಿ, ಕರಟದಲ್ಲಿ.
ಬೇಕಾದವಳು ತಾನೇ ತಿನ್ನುತ್ತಾಳೆ.

ವಾಸನೆಯಿಲ್ಲದ ಚೀಲವೇ ಗ್ರೋವರ್.
ಚಿಪ್ಪಿನ ನುಚ್ಚು ಕಣ್ಣೂರಿನದು,
ಘಾಟಿ ಹತ್ತಿ ಬಂದ ಸಮುದ್ರ, ಕಿಲೋ ಲೆಕ್ಕದಲ್ಲಿ.
ಒಂದು ಹಿಡಿ ಹೆಚ್ಚಿಗೆ ಸುರಿದ,
ಹೆಂಡತಿಯ ನೈಟಿಗೆ ಜೇಬು ಇಟ್ಟುಕೊಡಬೇಕಂತೆ.

ಸಂಜೆ ಮೆಷಿನ್ನಿನ ಕಾಲು ನಿಲ್ಲಿಸಿ
ಕರಟದ ಕಡೆ ನೋಡುತ್ತಾ ಕೂತೆ.
ಇಡುವ ಮೂವರೂ ಬಂದರು,
ತವರಿನ ತಿಂಡಿ ಸಿಕ್ಕವರಂತೆ ಕುಕ್ಕಿದರು.
ಮರಿಗಳು ಒಂದೊಂದು ಎತ್ತಿ, ಉಗುಳಿ,
ಎರೆಹುಳದ ಹಿಂದೆ ಓಡಿದವು.
ಆಮೇಲೆ, ಯಾರೂ ಇಲ್ಲದಾಗ,
ಕಾಫಿಗಿಡದ ಬುಡದಿಂದ ಬಿಳಿಕೊರಳಿ.
ಆಚೆ ನೋಡಿದಳು, ಈಚೆ ನೋಡಿದಳು,
ಹನ್ನೊಂದು ಚೂರು ತಿಂದಳು. ಎಣಿಸಿದೆ.

ಇಡದವಳಿಗೆ ಇದೇಕೆ?

ಬೆಳಿಗ್ಗೆ ಬೆನ್ನು ಹತ್ತಿದೆ.
ಹಿತ್ತಿಲು ಸುತ್ತಿಸಿದಳು, ಸೌದೆಯ ಅಟ್ಟಣೆಗೆ ಎರಡು ಸುತ್ತು ಹಾಕಿದಳು,
ಮೆಣಸಿನ ಬಳ್ಳಿಯಡಿ ಸುಮ್ಮನೆ ಕೆದಕಿ
ನನಗೆ ಬೇಜಾರಾಗುವ ತನಕ ಕಾಯಿಸಿದಳು.
ಕೊನೆಗೆ ಹೋಗಿದ್ದು ನನ್ನ ಹೊಲಿಗೆ ಕೋಣೆಗೇ,
ಬಾಗಿಲ ಹಿಂದಿನ ಚಿಂದಿಮೂಟೆಗೆ.

ಒಂಬತ್ತು.
ಮುತ್ತಕ್ಕನ ಮಗಳ ಮದುವೆಗೆಂದು ಕತ್ತರಿಸಿ
ಅಳತೆ ತಪ್ಪಿ ಎಸೆದಿದ್ದ
ಹಸಿರು ರೇಷ್ಮೆಯ ತೋಳಿನ ಮೇಲೆ
ಒಂಬತ್ತು ಮೊಟ್ಟೆ.
ಚಿಪ್ಪು ತೆಳ್ಳಗೆ, ಬೆಳಕಿಗೆ ಹಿಡಿದರೆ ವಾಯಿಲ್ ಸೀರೆ.
ನೀರಿಗೆ ಬಿಟ್ಟೆ: ಎರಡು ತೇಲಿದವು,
ಏಳು ಮುಳುಗಿ ತಳ ಸೇರಿದವು.

ಭಾನುವಾರ ಭಾವ ಅಕ್ಕಿರೊಟ್ಟಿ ಮುರಿದು
ಸಾರಿನಲ್ಲಿ ಸೌಟಾಡಿಸಿ ಕೇಳಿದರು:
ಕೋಳಿ ಎಲ್ಲಿ?

ಹೊಲಿಗೆ ಕೋಣೆಯಲ್ಲಿದ್ದಾಳೆ, ಅಂದೆ,
ಅರ್ಜೆಂಟು ಆರ್ಡರ್.